ಅತ್ತೆಯ ಒದ್ದೆ ಕೈಯೂ ಚಾಕೊಲೇಟ್ ಬಾವಲಿಯೂ

ನಮ್ಮ ಅತ್ತೆಯ ಬಲಗೈ ಒಣಗಿದ್ದನ್ನು ನಾನು ಈವರೆಗೆ ನೋಡಿಲ್ಲ. ನನ್ನ ಮಾತು ಬಿಡಿ, ರೇಶನ್ ಅಂಗಡಿಯ ಬೆರಳಚ್ಚಿನ ಯಂತ್ರವೂ ನೋಡಿಲ್ಲ. ಪ್ರತಿ ತಿಂಗಳೂ ಅಂಗಡಿಯವನು "ಅಮ್ಮಾ, ಕೈ ಒರೆಸ್ಕೊಂಡು ಇಡಿ" ಅನ್ನುತ್ತಾನೆ. ಅತ್ತೆ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಸೆರಗೂ ಒದ್ದೆ! ಯಂತ್ರ ಕೆಂಪು ದೀಪ ಹಾಕಿ ಕೂಗುತ್ತದೆ. ಒಮ್ಮೆ ಅವನು ಬೇಸತ್ತು ಅವಳ ಬೆರಳನ್ನೇ ಹಿಡಿದು ನೋಡಿ, "ನಿಮ್ ಬೆರಳಲ್ಲಿ ಗೆರೆನೇ ಇಲ್ವಲ್ಲಮ್ಮಾ, ಎಲ್ಲಿ ಹೋಯ್ತು?" ಎಂದ.

"ಗೆರಿ ಎಲ್ಲಾ ರೊಟ್ಟ್ಯಾಗ ಹೋಗ್ಯಾವಪ್ಪಾ" ಎಂದಳು ಅತ್ತೆ. "ನಾಳಿಗೆ ಒಂದು ರೊಟ್ಟಿ ತಂದು ಕೊಡ್ತೀನಿ. ಅದರ ಮ್ಯಾಲ ನಿನ್ನ ಯಂತ್ರ ಇಟ್ಟು ನೋಡು."

ಹೇಳಿದ್ದು ತಮಾಷೆಗಲ್ಲ. ಮರುದಿನ ನಿಜವಾಗಿಯೂ ರೊಟ್ಟಿ ತೆಗೆದುಕೊಂಡು ಹೋದಳು. ಅವನು ಅದನ್ನು ತಿಂದು, ಯಂತ್ರ ಬಿಟ್ಟು ಬೇರೆ ದಾರಿಯಲ್ಲಿ ರೇಶನ್ ಕೊಟ್ಟು ಕಳಿಸಿದ.

ಅತ್ತೆ ನನ್ನ ಅಪ್ಪನ ಅಕ್ಕ. ಸೇಡಂ ಕಡೆಯವಳು. ಮೂವತ್ತು ವರ್ಷದಿಂದ ಮರ್ಫಿ ಟೌನಿನ ಬಾಡಿಗೆ ಕೋಣೆಗಳಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಹಲಸೂರಿನ ಒಂದು ಖಾನಾವಳಿಗೂ ಇಂದಿರಾನಗರದ ಕೆಲವು ಮನೆಗಳಿಗೂ ಅವಳ ರೊಟ್ಟಿಯೇ ಆಗಬೇಕು. ಜೋಳದ ರೊಟ್ಟಿ ಬಡಿಯುವವರ ಪಕ್ಕದಲ್ಲಿ ಒಂದು ನೀರಿನ ಬಟ್ಟಲು ಇರುತ್ತದೆ. ಕೈ ಅದ್ದಿ ಹಿಟ್ಟು ನಾದಬೇಕು, ಹಂಚಿಗೆ ಹಾಕಿದ ಮೇಲೆ ಮತ್ತೆ ಕೈ ಅದ್ದಿ ಮೇಲ್ಮೈಗೆ ನೀರು ಸವರಬೇಕು. ಹೀಗೆ ಮೂವತ್ತು ವರ್ಷ ಅದ್ದಿದ ಕೈ ಈಗ ಯಜಮಾನತಿಯ ಮಾತು ಕೇಳುವುದಿಲ್ಲ. ಯಾವ ಕೆಲಸಕ್ಕೆ ಕೂತರೂ ಮೊದಲು ನೀರು ಹುಡುಕುತ್ತದೆ. ಬಟ್ಟೆ ಮಡಿಸುವಾಗ ಅದ್ದುತ್ತಾಳೆ. ಕ್ಯಾಲೆಂಡರಿನ ಹಾಳೆ ತಿರುವುವ ಮುಂಚೆ ಅದ್ದುತ್ತಾಳೆ. ಮದುವೆಯಲ್ಲಿ ಅಕ್ಷತೆ ಹಾಕಿದರೆ ಅರ್ಧ ಅಕ್ಕಿ ಅವಳ ಅಂಗೈಗೇ ಅಂಟಿಕೊಂಡಿರುತ್ತದೆ. ನಮ್ಮ ಬಂಧುಬಳಗದಲ್ಲಿ ಅರ್ಧ ಆಶೀರ್ವಾದದಲ್ಲೇ ಸಂಸಾರ ಮಾಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಮೊಬೈಲಿನ ಪರದೆ ಅವಳ ಬೆರಳಿಗೆ ಓಗೊಡುವುದೇ ಇಲ್ಲ. "ಈ ಫೋನಿಗೆ ನಾ ಅಂದ್ರ ಅಸಡ್ಡಿ" ಎಂದು ಅದನ್ನು ಬದಿಗಿಟ್ಟು, ಬಾಗಿಲಿಗೆ ಬಂದು ಕೂಗಿಯೇ ಕೆಲಸ ಮುಗಿಸುತ್ತಾಳೆ. ಹಲಸೂರು ಕೆರೆಯವರೆಗೆ ಕೇಳುತ್ತದೆ ಎಂದು ನನ್ನ ಗಂಡ ಹೇಳುವುದುಂಟು. ಅವನು ವಿಮಾನಪುರದ ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿಯವರೆಗೂ ಕೇಳುತ್ತದೆ ಎಂದು ಅವನ ಅನುಮಾನ.

ನಾವು ಅವಳ ಜೊತೆ ಇದ್ದೇವೋ ಅವಳು ನಮ್ಮ ಜೊತೆ ಇದ್ದಾಳೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಾಡಿಗೆ ಕರಾರು ನನ್ನ ಗಂಡನ ಹೆಸರಿನಲ್ಲಿದೆ. ಅಧಿಕಾರ ಅತ್ತೆಯ ಕೈಯಲ್ಲಿದೆ, ಅದೇ ಒದ್ದೆ ಕೈಯಲ್ಲಿ.

ಅತ್ತೆಯ ಎರಡನೆಯ ಹುಚ್ಚು ಡಬ್ಬಿಯದು. ಶಾಲೆಯಿಂದ ಬಂದ ಮಕ್ಕಳನ್ನು ಏನು ಕಲಿತೆ, ಯಾರು ಹೊಡೆದರು ಎಂದು ಎಲ್ಲರೂ ಕೇಳುತ್ತಾರೆ. ಅತ್ತೆ ಅದಾವುದನ್ನೂ ಕೇಳುವುದಿಲ್ಲ. ಚೀಲದಿಂದ ಊಟದ ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾಳೆ. ಸದ್ದಿಲ್ಲದಿದ್ದರೆ ಆ ದಿನ ಪಾಸು, ಸದ್ದು ಬಂದರೆ ನಪಾಸು. ನಾನು ಚಿಕ್ಕವಳಿದ್ದಾಗಲೂ ಹೀಗೇ. ನನ್ನ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ವರ್ಷಕ್ಕೊಂದು ಊರು ತಿರುಗುತ್ತಿದ್ದರು. ಓದು ಕೆಡಬಾರದೆಂದು ಅತ್ತೆ ನನ್ನನ್ನು ಎಂಟನೆಯ ವಯಸ್ಸಿಗೆ ತನ್ನ ಹತ್ತಿರ ಇಟ್ಟುಕೊಂಡಳು. ಮೂರನೆಯ ತರಗತಿಗೆ ಇಲ್ಲಿನ ಶಾಲೆಗೆ ಸೇರಿದೆ. ಡಬ್ಬಿಯಲ್ಲಿ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಖಡಕ್ ರೊಟ್ಟಿ ತಿಂದವರಿಗೆ ಗೊತ್ತು, ಅದು ಹಪ್ಪಳದಂತೆ ಸದ್ದು ಮಾಡುವ ಪದಾರ್ಥ. ಚಿತ್ರಾನ್ನ, ಇಡ್ಲಿಯ ಸದ್ದಿಲ್ಲದ ಡಬ್ಬಿಗಳ ನಡುವೆ ನನ್ನದೊಂದು ಕಟ್ ಎನ್ನುತ್ತಿತ್ತು. ಸಾಲಾಗಿ ಕೂತ ಹುಡುಗಿಯರೆಲ್ಲ ತಿರುಗಿ ನೋಡಿ ನಗುತ್ತಿದ್ದರು. ಒಂದು ವಾರ ತಡೆದೆ. ಆಮೇಲೆ ಶಾಲೆಯ ದಾರಿಯಲ್ಲಿ ನಿಲ್ಲುತ್ತಿದ್ದ, ಒಂದು ಕೊಂಬು ಮುರಿದ ಹಸುವಿಗೆ ಡಬ್ಬಿ ಖಾಲಿ ಮಾಡತೊಡಗಿದೆ. ಸಂಜೆ ಅತ್ತೆ ಡಬ್ಬಿ ಅಲುಗಾಡಿಸಿ ಸದ್ದಿಲ್ಲದ್ದಕ್ಕೆ ಹಿಗ್ಗುತ್ತಿದ್ದಳು. ಹಿಗ್ಗಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಕೆಲವು ತಿಂಗಳಾದ ಮೇಲೆ ಎರಡು ರೊಟ್ಟಿಯನ್ನು ಮೂರು ಮಾಡಿದಳು! ಹಸುವೋ, ಎರಡಾದ ಕೂಡಲೇ ಮುಖ ತಿರುಗಿಸಿಬಿಡುತ್ತಿತ್ತು. ಮೂರನೆಯದನ್ನು ಬೇರೆ ದಾರಿಯಿಲ್ಲದೆ ಗೋಡೆಯ ಮರೆಯಲ್ಲಿ ನಿಂತು ನಾನೇ ತಿನ್ನುತ್ತಿದ್ದೆ. ಹಸಿವೆಯಲ್ಲಿ ರುಚಿಯಾಗಿಯೇ ಇರುತ್ತಿತ್ತು ಅನ್ನಿ. ಈ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಆ ಹಸುವಿಗೆ. ಹಸು ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಈಗ ನನ್ನ ಮಗಳು ಕುಕ್ ಟೌನಿನ ಒಂದು ಶಾಲೆಯಲ್ಲಿ ಒಂದನೆಯ ತರಗತಿ. ಅತ್ತೆಯನ್ನು ಆಯಿ ಎಂದು ಕರೆಯುತ್ತಾಳೆ. ದಸರೆಯ ಮುಂಚೆ ಶಾಲೆಯಲ್ಲಿ ತಿಂಡಿ ಹಂಚಿ ತಿನ್ನುವ ದಿನ ಎಂದು ಇಟ್ಟಿದ್ದರು. ಅತ್ತೆ ಹುರುಪಿನಿಂದ ಶೇಂಗಾ ಉಂಡೆ ಕಟ್ಟಿ ಡಬ್ಬಿ ತುಂಬ ಕಳಿಸಿದಳು. ಸಂಜೆ ಡಬ್ಬಿ ಅಲುಗಾಡಿಸಿದರೆ ಗುಡುಗುಡು ಎಂದಿತು. ಒಂದೂ ಖರ್ಚಾಗಿರಲಿಲ್ಲ. ಕೆಲವು ಮಕ್ಕಳಿಗೆ ಶೇಂಗಾ ಆಗಿಬರುವುದಿಲ್ಲವಾದ್ದರಿಂದ ತರಬಾರದು ಎಂಬ ನಿಯಮವಿತ್ತಂತೆ. ನಾವು ಆ ಸಾಲು ಓದಿರಲಿಲ್ಲ. ಮಿಸ್ ಡಬ್ಬಿ ಮುಚ್ಚಿ ವಾಪಸು ಚೀಲದಲ್ಲಿಟ್ಟಿದ್ದರು.

"ಶೇಂಗಾ ತಿನ್ನದ ಕೂಸೂ ಇರ್ತಾವೇನು?" ಎಂದು ಅತ್ತೆ ಎದುರು ಮನೆಯ ಮೇರಿ ಅಕ್ಕನ ಮುಂದೆ ನ್ಯಾಯ ಒಯ್ದಳು.

"ಇರ್ತಾವಮ್ಮಾ. ತಿಂದ್ರೆ ಉಸಿರೇ ಕಟ್ಟುತ್ತೆ, ತೆರಿಯುಮಾ?" ಎಂದಳು ಮೇರಿ ಅಕ್ಕ. ಇವರಿಬ್ಬರೂ ಇಪ್ಪತ್ತು ವರ್ಷದಿಂದ, ಒಬ್ಬಳು ಸೇಡಂ ಕನ್ನಡದಲ್ಲಿ ಇನ್ನೊಬ್ಬಳು ತಮಿಳು ಬೆರೆಸಿದ ಕನ್ನಡದಲ್ಲಿ, ಜಗಳವಿಲ್ಲದೆ ಮಾತಾಡುತ್ತಿದ್ದಾರೆ. ಪೂರ್ತಿ ಅರ್ಥವಾಗದಿರುವುದೇ ಕಾರಣವಿರಬಹುದು.

ನಿಯಮದಲ್ಲಿ ತಪ್ಪಿಲ್ಲ. ಆದರೆ ಆರು ವರ್ಷದ ಹುಡುಗಿಗೆ ಅದನ್ನು ಹೇಗೆ ಹೇಳುವುದು? "ಎಲ್ಲರ ಬಾಕ್ಸೂ ಖಾಲಿ ಆಯ್ತು, ನಂದು ಮಾತ್ರ ಫುಲ್ ಇತ್ತು" ಎಂದು ಎರಡು ದಿನ ಅತ್ತಳು. ಅಕ್ಟೋಬರ್ ಕೊನೆಗೆ ಮತ್ತೊಂದು ಸುತ್ತೋಲೆ ಬಂದಾಗ ಬಾಗಿಲಲ್ಲೇ ನಿಂತು ಘೋಷಣೆ ಮಾಡಿದಳು: "ಈ ಸಲಾನೂ ಬಾಕ್ಸ್ ಫುಲ್ ಬಂದ್ರೆ ನಾನು ಇನ್ಮೇಲೆ ಸ್ಕೂಲಿಗೆ ಬಾಕ್ಸೇ ತಗೊಂಡೋಗಲ್ಲ."

ಅತ್ತೆಯ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಡಬ್ಬಿ ಒಯ್ಯದ ಮಗು ಎಂದರೆ ಅವಳ ಲೆಕ್ಕದಲ್ಲಿ ಕೈಬಿಟ್ಟುಹೋದ ಮಗು.

ಸುತ್ತೋಲೆ ಹ್ಯಾಲೋವೀನ್ ಹಬ್ಬದ್ದು. ಮೂವತ್ತೊಂದಕ್ಕೆ ಮಕ್ಕಳು ಭೂತ, ಬಾವಲಿ, ಮಾಟಗಾತಿಯರ ವೇಷದಲ್ಲಿ ಬರಬೇಕು. ಮರುದಿನ ರಾಜ್ಯೋತ್ಸವ, ಹಳದಿ ಕೆಂಪು ಬಟ್ಟೆಯಲ್ಲಿ ಬರಬೇಕು. ಒಂದು ದಿನ ಬೇತಾಳ, ಮರುದಿನ ಭುವನೇಶ್ವರಿ! ಜೊತೆಗೆ ಪ್ರತಿ ಮಗುವೂ ಮನೆಯಲ್ಲೇ ಮಾಡಿದ, ಚಾಕೊಲೇಟಿನಲ್ಲಿ ಅದ್ದಿದ, ಕೈಯಲ್ಲಿ ಹಿಡಿದು ತಿನ್ನುವಂಥ ಒಂದು ತಿಂಡಿ ತರಬೇಕು. ಶೇಂಗಾ, ಗೋಡಂಬಿ, ಬಾದಾಮಿ ಬೇಡ. ತುಂಬಾ ಸುಲಭ ಎಂದು ಕೆಳಗೆ ಬರೆದು ಒಂದು ವಿಡಿಯೊ ಹಾಕಿದ್ದರು. ಸುಲಭ ಎಂದು ಬರೆದವರ ಮನೆಯಲ್ಲಿ ನಮ್ಮ ಅತ್ತೆ ಇರಲಿಲ್ಲ.

ಈ ಹಬ್ಬ ಏನೆಂದು ಅತ್ತೆ ಮೇರಿ ಅಕ್ಕನನ್ನು ಕೇಳಿದಳು. "ನಂಗೂ ಗೊತ್ತಿಲ್ಲಮ್ಮಾ. ನಮ್ದು ಆಮೇಲೆ ಬರುತ್ತೆ, ಕಲ್ಲರೆ ಹಬ್ಬ. ಸಮಾಧಿಗೆ ಹೂವು, ಮೊಂಬತ್ತಿ ಅಷ್ಟೇ. ಚಾಕ್ಲೇಟ್ ಎಲ್ಲ ಇಲ್ಲ" ಎಂದಳು ಮೇರಿ ಅಕ್ಕ. ಅತ್ತೆ ಸ್ವಲ್ಪ ಯೋಚಿಸಿ, ಹಬ್ಬ ಯಾವುದಾದರೇನು, ಡಬ್ಬಿ ಖಾಲಿಯಾಗಬೇಕು ಎಂಬ ತೀರ್ಮಾನಕ್ಕೆ ಬಂದಳು.

ಚಾಕೊಲೇಟು ತರಲು ಶಿವಾಜಿನಗರಕ್ಕೆ ಹೋದೆವು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕೇಕಿನ ಸಾಮಾನು ಮಾರುವ ಒಂದು ಅಂಗಡಿಯಿದೆ. ಅಂಗಡಿಯವರು ಕಪ್ಪು, ಕಂದು, ಬಿಳಿ ಮೂರೂ ಬಗೆಯ ಚಾಕೊಲೇಟಿನ ಹಲಗೆ ಮುಂದಿಟ್ಟರು. ಅತ್ತೆಗೆ ನಮ್ಮ ಕಡೆಯ ಉರ್ದು ಚೆನ್ನಾಗಿ ಬರುತ್ತದೆ. ಜೋಳದ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನೇ ಉರ್ದುವಿಗೆ ತಿರುಗಿಸಿ ಕೇಳಿದಳು.

"ನಯಾ ಮಾಲ್ ಹೈ ಕಿ ಪುರಾನಾ?"

"ನಯಾ ಹೈ ಅಮ್ಮಾ. ಪರ್ಸೋಂ ಆಯಾ."

"ಇಸ್ಮೆ ಜಿಗಿ ಹೈ ಕ್ಯಾ?"

ಜಿಗಿ ಎಂದರೆ ಹಿಟ್ಟಿನ ಅಂಟು. ಜಿಗಿಯಿಲ್ಲದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಚಾಕೊಲೇಟಿನ ಜಿಗಿಯ ಬಗ್ಗೆ ಆ ಪುಣ್ಯಾತ್ಮರನ್ನು ಅದುವರೆಗೆ ಯಾರೂ ವಿಚಾರಿಸಿರಲಿಲ್ಲವೆಂದು ಕಾಣುತ್ತದೆ. ಅವರು ನನ್ನ ಮುಖ ನೋಡಿದರು. ನಾನು ಮೇಲೆ ನೇತುಹಾಕಿದ್ದ ಕೇಕಿನ ಅಚ್ಚುಗಳನ್ನು ನೋಡಿದೆ. ಅತ್ತೆ ಕಂದು ಹಲಗೆಯೊಂದನ್ನು ಪ್ಲಾಸ್ಟಿಕ್ಕಿನ ಸಮೇತ ಕಿವಿಯ ಹತ್ತಿರ ತಂದು ಬೆರಳಿನಿಂದ ತಟ್ಟಿದಳು.

"ತೆಂಗಿನಕಾಯಿ ನಹೀ ಅಮ್ಮಾ, ಚಾಕ್ಲೇಟ್" ಎಂದರು ಅವರು. ಕಂದು ಒಂದು, ಬಿಳಿಯದು ಚಿಕ್ಕದೊಂದು ಕಟ್ಟಿಕೊಟ್ಟು, "ಒಂದ್ ಬಾತ್ ಕೇಳ್ಕೊಳಿ. ಕರಗಿಸೋವಾಗ ಒಂದ್ ಬೂಂದ್ ನೀರು ಕೂಡ ಬೀಳ್ಬಾರ್ದು. ಪೂರಾ ಖರಾಬ್ ಆಗುತ್ತೆ" ಎಂದರು. ಅತ್ತೆ ಗಂಭೀರವಾಗಿ ತಲೆಯಾಡಿಸಿ ನೋಟು ಕೊಟ್ಟಳು. ಅವರು ಆ ನೋಟನ್ನು ಎರಡು ಬೆರಳಲ್ಲಿ ಹಿಡಿದು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಆಡಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು.

ಗುರುವಾರ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ನಾನು ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಚೀಟಿ ಬರೆಯುವವಳು. ಚಾಕೊಲೇಟು ಅದ್ದಲು ರಜೆ ಬೇಕೆಂದು ಹೇಳಲಾಗದೆ, ಅತ್ತೆಗೆ ಕೈನೋವು ಎಂದೆ. ಸುಳ್ಳೇನಲ್ಲ, ಅವಳ ಕೈಯೇ ನಮಗೆ ನೋವು.

ನನ್ನ ಯೋಜನೆ ಸರಳವಾಗಿತ್ತು. ಗುಂಡನೆಯ ಬಿಸ್ಕತ್ತನ್ನು ಅರ್ಧದವರೆಗೆ ಚಾಕೊಲೇಟಿನಲ್ಲಿ ಅದ್ದುವುದು, ಬಿಳಿ ಚಾಕೊಲೇಟಿನಲ್ಲಿ ಎರಡು ಕಣ್ಣು ಇಡುವುದು. ಭೂತ ತಯಾರು. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರ ಮೇಲೆ ಇನ್ನೊಂದು ಬೋಗುಣಿ ಕೂರಿಸಿ, ಅರ್ಧ ಹಲಗೆ ಚಾಕೊಲೇಟು ಚೂರು ಮಾಡಿ ಹಾಕಿದೆ. ಮೇರಿ ಅಕ್ಕ ಕ್ರಿಸ್‌ಮಸ್ಸಿಗೆ ಕೇಕು ಮಾಡುವವಳಾದ್ದರಿಂದ ಬಾಗಿಲಲ್ಲಿ ನಿಂತು, "ಆವಿ ಕೂಡ ಒಳಗೆ ಹೋಗ್ಬಾರ್ದು, ನೋಡ್ಕೊಳ್ಳಿ" ಎಂದು ಎಚ್ಚರಿಸಿ ಹೋದಳು.

ಅತ್ತೆಗೆ ರೇಗಿತು. "ನೀರಿನ ಮ್ಯಾಲೇ ಕೂಡಸ್ರಿ ಅಂತೀರಿ, ನೀರು ಮುಟ್ಟಬಾರದು ಅಂತೀರಿ. ಇಷ್ಟು ಮಡಿ ಇರೋದು ಅಡಗಿ ಮನ್ಯಾಗ ಯಾಕ ಬರ್ಬೇಕು?"

ನಾನು ಮುಂಜಾಗ್ರತೆಯಾಗಿ ಅವಳ ನೀರಿನ ಬಟ್ಟಲನ್ನು ಕಪಾಟಿನ ಮೇಲಿಟ್ಟಿದ್ದೆ. ಬಕೆಟ್ಟನ್ನು ಬಾಗಿಲ ಹೊರಗೆ ಸಾಗಿಸಿದ್ದೆ. ನಲ್ಲಿಯ ಮುಂದೆ ಮಗಳನ್ನು ಕಾವಲು ನಿಲ್ಲಿಸಿದ್ದೆ. ಚಾಕೊಲೇಟು ಕರಗಿ, ಎಣ್ಣೆಯ ಹಾಗೆ ಹೊಳೆಯತೊಡಗಿತು. ಅತ್ತೆ ಬಗ್ಗಿ ನೋಡಿ ಮೆಚ್ಚಿದಳು. ಬಿಸ್ಕತ್ತಿನ ತಟ್ಟೆ ತರಲು ನಾನು ತಿರುಗಿದ್ದು ಒಂದೇ ಕ್ಷಣ. ಅತ್ತೆಯ ಬಲಗೈ ಎಂದಿನ ಜಾಗದಲ್ಲಿ ಬಟ್ಟಲು ಹುಡುಕಿತು. ಇಲ್ಲ. ನೆಲ ತಡವಿತು. ಅಲ್ಲೂ ಇಲ್ಲ. ಆಗ ಅದು ಸೊಂಟಕ್ಕೆ ಸಿಗಿಸಿದ್ದ, ಹಂಚು ಒರೆಸುವ ಒದ್ದೆ ಬಟ್ಟೆಗೆ ಹೋಯಿತು. ಅದನ್ನು ಹಿಂಡಿತು. ಅಲ್ಲಿಂದ ನೇರವಾಗಿ ಬೋಗುಣಿಗೆ ಬಂತು. ಇಷ್ಟೂ ಅತ್ತೆಗೆ ತಿಳಿಯದೆ ನಡೆಯಿತು ಎಂದು ನಾನು ಈಗಲೂ ನಂಬುತ್ತೇನೆ.

ಚಾಕೊಲೇಟು ನೋಡನೋಡುತ್ತಿದ್ದಂತೆ ಹೊಳಪು ಕಳೆದುಕೊಂಡು, ಮರಳು ಮರಳಾಗಿ, ಗಟ್ಟಿ ಮುದ್ದೆಯಾಯಿತು. ನಾನು ಓಡಿ ಬಂದು ಒಲೆ ಆರಿಸಿದೆ. ಅತ್ತೆ ಮಾತ್ರ ಎದೆಗುಂದಲಿಲ್ಲ. ಮೂವತ್ತು ವರ್ಷದ ಅನುಭವದ ಕಣ್ಣಿನಿಂದ ಅದನ್ನು ಪರೀಕ್ಷಿಸಿ, "ಹಿಟ್ಟು ಬಿಗಿ ಆಗ್ಯದ. ಇನ್ನೀಟು ನೀರು ಬೇಕು ಅದಕ್ಕ" ಎಂದು, ಮಗಳ ಶಾಲೆಯ ಬಾಟಲಿಯಿಂದ ಎರಡು ಗುಟುಕು ಸುರಿದೇಬಿಟ್ಟಳು.

ಆಮೇಲೆ ಬೋಗುಣಿಯಲ್ಲಿ ಉಳಿದದ್ದನ್ನು ಏನೆಂದು ಕರೆಯಬೇಕೋ ತಿಳಿಯದು. ಗೋಡೆಗೆ ಮೆತ್ತಬಹುದಿತ್ತು.

"ಇನ್ನರ್ಧ ಹಲಗಿ ಅದಲ್ಲ, ಯಾಕ ಅಳ್ತಿ?" ಎಂದಳು ಅತ್ತೆ. ನಾನು ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದೆ. ಸರಿ, ಬಿಸ್ಕತ್ತಾದರೂ ಇದೆಯಲ್ಲ ಎಂದು ತಟ್ಟೆ ತೆಗೆದೆ. ತಟ್ಟೆಯ ಮೇಲೊಂದು ಒದ್ದೆ ಬಟ್ಟೆ ಹೊದಿಸಿತ್ತು.

"ಅತ್ತಿ, ಇದೇನು?"

"ಮುಂಜಾನಿಯಿಂದ ಬಯಲಿಗೆ ಇಟ್ಟಿದ್ದಿ. ಒಣಗಿ ಹೋಗ್ತಾವಂತ ಮುಚ್ಚೀನಿ."

ನಾದಿದ ಹಿಟ್ಟನ್ನು ಒಣಗದಂತೆ ಮುಚ್ಚಿಡುವ ಹಾಗೆ ಬಿಸ್ಕತ್ತನ್ನು ಮುಚ್ಚಿಟ್ಟಿದ್ದಳು. ಬಟ್ಟೆ ಎತ್ತಿದರೆ ಬಿಸ್ಕತ್ತೂ ಜೊತೆಗೇ ಎದ್ದು ಬಂತು. ಮಗಳು ನಲ್ಲಿಯ ಮುಂದಿನಿಂದಲೇ ಎಲ್ಲವನ್ನೂ ನೋಡುತ್ತಿದ್ದಳು. ಕಾವಲು ಬಿಟ್ಟು ಓಡಿ ಬಂದಳು. "ನಾಳೆ ನನ್ ಬಾಕ್ಸ್?" ಎಂದಳು.

ಅತ್ತೆ ಎದ್ದು ಮೂಲೆಯ ಬುಟ್ಟಿಯ ಹತ್ತಿರ ಹೋದಳು. ಬೆಳಿಗ್ಗೆ ಖಾನಾವಳಿಗೆಂದು ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿ ಅದರಲ್ಲಿತ್ತು. "ಇದನ್ನ ಮುರದು ಅದ್ದಿದ್ರ ಹ್ಯಾಂಗ?" ಎಂದು ಒಂದನ್ನು ಎತ್ತಿ ಹಿಡಿದಳು.

"ರೊಟ್ಟಿ ಬ್ಯಾಡ" ಎಂದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಬಂತು ಆ ಮಾತು.

ಅತ್ತೆ ನನ್ನನ್ನೇ ನೋಡಿದಳು. "ಯಾಕ?" ಎಂದಳು, ಅಷ್ಟೇ. ಹೇಳಲು ನನ್ನ ಹತ್ತಿರ ಏನಿತ್ತು? ಮೂರನೆಯ ತರಗತಿಯ ಆ ಸಾಲು, ಆ ನಗು ನನ್ನ ಮಗಳಿಗೂ ಬರಬಾರದು ಎಂದು ಹೇಳಿದರೆ ಹಸುವಿನ ಕಥೆಯೂ ಹೇಳಬೇಕಾಗುತ್ತಿತ್ತು. "ಹೊಸ ಬಿಸ್ಕತ್ತು ತರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಬಿಸ್ಕತ್ತಿನ ಪೊಟ್ಟಣ ಹಿಡಿದು ವಾಪಸು ಬರುವಷ್ಟರಲ್ಲಿ ಮನೆಯಲ್ಲಿ ನಗು ಕೇಳುತ್ತಿತ್ತು. ಮಗಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಮುಂದೆ ಮುರಿದ ರೊಟ್ಟಿಯ ಚೂರುಗಳ ರಾಶಿ. ಖಡಕ್ ರೊಟ್ಟಿಯನ್ನು ಮುರಿದರೆ ಒಂದೊಂದು ಚೂರೂ ಬಾಗಿ, ಅಂಚು ಮೊನಚಾಗಿ ಬರುತ್ತದೆ. ಅಂಥ ಎರಡನ್ನು ಜೋಡಿಸಿ ಎತ್ತಿ ತೋರಿಸಿದಳು. "ಅಮ್ಮಾ, ನೋಡು, ಬ್ಯಾಟ್!"

ನೋಡಿದೆ. ರೆಕ್ಕೆ ಬಿಚ್ಚಿದ ಬಾವಲಿಯೇ. ಸುಟ್ಟ ಕಲೆಗಳ ಸಮೇತ. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಬಾವಲಿಗಳಿದ್ದವು, ಯಾರೂ ಗಮನಿಸಿರಲಿಲ್ಲ. ಮಗಳ ಮುಖ ನೋಡಿದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಮೆಲ್ಲಗೆ ಕಪಾಟಿನಲ್ಲಿಟ್ಟೆ.

ಎರಡನೆಯ ಸಲ ಕರಗಿಸುವಾಗ ಬಂದೋಬಸ್ತು ಬಿಗಿಯಾಗಿತ್ತು. ಸೊಂಟದ ಬಟ್ಟೆಯನ್ನು ಕಿತ್ತು ಮೇರಿ ಅಕ್ಕನ ವಶಕ್ಕೆ ಕೊಟ್ಟೆವು. ಅತ್ತೆಯ ಬಲಗೈಗೆ ಒಣ ಟವೆಲ್ಲು ಸುತ್ತಿದೆವು. ಮಗಳು ಎದುರು ಕೂತು ಕೈಯನ್ನೇ ನೋಡುತ್ತ, ಅದು ಒಂದಿಷ್ಟು ಅಲುಗಿದರೂ "ಆಯೀ, ಕೈ" ಎಂದು ಕೂಗುತ್ತಿದ್ದಳು. ಅತ್ತೆ ಬೆಚ್ಚಿ ಕೈ ಹಿಂದೆಗೆಯುತ್ತಿದ್ದಳು. ಕೈಗೂ ಅವಳಿಗೂ ನಡೆದ ಆ ಜಗ್ಗಾಟ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವಳು ಎಡಗೈಯಲ್ಲಿ ರೆಕ್ಕೆ ಹಿಡಿದು ಅರ್ಧಕ್ಕೆ ಅದ್ದಿದಳು, ಒಂದೂ ಮುರಿಯಲಿಲ್ಲ. ಅಂಟಿಸುವ ಕೆಲಸ ನನ್ನದು, ಬಿಳಿ ಚಾಕೊಲೇಟಿನ ಕಣ್ಣಿಡುವುದು ಮಗಳದು. ಕೆಲವಕ್ಕೆ ಮೂರು ಕಣ್ಣು ಬಂದವು. "ಇವು ಶಿವನ ಬಾವಲಿ, ಮೊದಲು ಇವನ್ನ ಹಂಚು" ಎಂದಳು ಅತ್ತೆ. ದೀಪ ಹಚ್ಚುವ ಹೊತ್ತಿಗೆ ಡಬ್ಬಿ ತುಂಬಿತು. ಹಾಳಾದ ಮೊದಲ ಮುದ್ದೆಯನ್ನು ಎಸೆಯಲು ಹೋದರೆ ಅತ್ತೆ ಬಿಡಲಿಲ್ಲ. ಎಸೆಯುವ ಪದ್ಧತಿ ಅವಳಲ್ಲಿಲ್ಲ. ಅದನ್ನು ಹುರಿದ ಶೇಂಗಾ ಪುಡಿ, ಬೆಲ್ಲದ ಜೊತೆ ನಾದಿ ಉಂಡೆ ಕಟ್ಟಿ, ಮನೆಯವರಿಗೆಂದು ಬೇರೆ ಪಾತ್ರೆಯಲ್ಲಿಟ್ಟಳು.

ಶುಕ್ರವಾರ ಲ್ಯಾಬಿನಲ್ಲಿ ಕೂತಿದ್ದರೂ ನನ್ನ ಕಿವಿ ಕುಕ್ ಟೌನಿನಲ್ಲಿತ್ತು. ಕಟ್ ಎಂಬ ಸದ್ದು ಅಲ್ಲಿಂದಲೇ ಕೇಳಿಸುತ್ತಿದೆ ಎನ್ನಿಸಿ ಒಬ್ಬರ ಚೀಟಿಯಲ್ಲಿ ಇನ್ನೊಬ್ಬರ ಹೆಸರು ಬರೆದೆ, ಪುಣ್ಯಕ್ಕೆ ಅವರೇ ತಿದ್ದಿಸಿದರು. ಮಧ್ಯಾಹ್ನವೇ ಮನೆಗೆ ಓಡಿದೆ. ಅತ್ತೆ ಆಗಲೇ ಬಾಗಿಲಲ್ಲಿ ಕೂತಿದ್ದಳು. ವ್ಯಾನು ಬಂತು. ಕಪ್ಪು ರೆಕ್ಕೆಯ ಮಗಳು ಇಳಿದಳು. ಅತ್ತೆ ಚೀಲದಿಂದ ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

ಸದ್ದಿಲ್ಲ.

ನಾನು ಉಸಿರು ಬಿಟ್ಟೆ. ಅತ್ತೆ ಹಿಗ್ಗುತ್ತಾಳೆಂದು ನೋಡಿದರೆ, ಅವಳು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು, ಮೂಸಿದಳು. ಮಗಳನ್ನು ಮುಂದೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದಳು.

"ಯಾರ್‍ಯಾರು ತಿಂದರು? ಹೆಸರು ಹೇಳು."

"ಎಲ್ಲರೂ ಆಯಿ. ಝೋಯಾ ಎರಡು ತಿಂದ್ಲು. ಜೋಯಲ್ ಕಚ್ಚಿದಾಗ ಕಟ್ ಅಂತ ಸೌಂಡ್ ಬಂತು. ಆಮೇಲೆ ಎಲ್ಲರೂ ಕಟ್ ಕಟ್ ಅಂತ ಕಚ್ಚಿದ್ರು. ಮಿಸ್ ಅಂದ್ರು, ಬ್ಯಾಟಿಂದು ಬೋನ್ ಮುರೀತಿದೆ ಅಂತ. ಮಿಸ್‌ಗೂ ಒಂದು ಕೊಟ್ಟೆ."

ಅದೇ ಸದ್ದು. ನಾನು ಗೋಡೆಯ ಮರೆಗೆ ಹೋಗಿ ನಿಂತದ್ದು ಅದೇ ಸದ್ದಿಗೆ. ಮಗಳ ರೆಕ್ಕೆಯ ಪಿನ್ನು ಬಿಚ್ಚುತ್ತಿದ್ದ ನನ್ನ ಕೈ ಹಾಗೇ ನಿಂತಿತು.

ಅತ್ತೆಯ ವಿಚಾರಣೆ ಮುಗಿದಿರಲಿಲ್ಲ. "ಖರೆ ಹೇಳವ್ವಾ. ದಾರ್‍ಯಾಗ ಆಕಳ ಏನರೆ ಸಿಕ್ಕಿತ್ತೇನು?"

"ಆಯೀ, ನಾನು ವ್ಯಾನಲ್ಲಿ ಹೋಗ್ತೀನಲ್ಲ. ವ್ಯಾನಲ್ಲಿ ಹಸು ಬರಲ್ಲ."

"ಹಂಗಾದ್ರ ಕೂಸುಗೋಳೇ ತಿಂದಾವ" ಎಂದು ಅತ್ತೆ ಡಬ್ಬಿಯನ್ನು ಕೆಳಗಿಟ್ಟಳು. ಮಗಳು ಬಿಚ್ಚಿದ ರೆಕ್ಕೆಯನ್ನು ಮೇರಿ ಅಕ್ಕನಿಗೆ ತೋರಿಸಲು ಓಡಿದಳು.

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತಿ, ಆಕಳ ಸುದ್ದಿ ಯಾಕ ತಗದಿ?"

"ಒಂದು ಕೊಂಬು ಮುರದಿತ್ತಲ್ಲ, ಆ ಆಕಳ. ಮರತಿಯೇನು?"

"ನಿನಗ ಹ್ಯಾಂಗ ಗೊತ್ತು?"

"ರವಿವಾರ ನಿನಗ ಸಾಲಿ ಇರ್ತಿರಲಿಲ್ಲ. ರವಿವಾರ ಅಂತ ಆಕಳಿಗೆ ಹ್ಯಾಂಗ ಗೊತ್ತಾಗಬೇಕು? ಸೀದಾ ನಮ್ಮ ಬಾಗಲಿಗೇ ಬಂದು ರೊಟ್ಟಿ ಬುಟ್ಟಿ ನೋಡ್ಕೋತ ನಿಂದರ್ತಿತ್ತು."

ಹಸು ಬಾಯಿ ಬಿಟ್ಟಿರಲಿಲ್ಲ ನಿಜ, ನಡೆದುಕೊಂಡು ಬಂದು ಹೇಳಿತ್ತು! ನಾನು ನಗಲು ಹೋದೆ, ಆಗಲಿಲ್ಲ. "ಮತ್ತ ಯಾಕ ಬೈಲಿಲ್ಲ ನೀನು?" ಎಂದೆ.

"ಬೈದಿದ್ರ ನೀ ಡಬ್ಬಿ ಒಯ್ಯೋದೇ ಬಿಡ್ತಿದ್ದಿ" ಎಂದಳು ಅತ್ತೆ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮಾತಾಡುವ ದನಿಯಲ್ಲಿ. "ಎರಡು ತಿಂದ್ರ ಆಕಳಿಗೆ ಸಾಕಾಗ್ತಿತ್ತು, ನಾ ನೋಡಿದ್ದೆ. ಅದಕ್ಕ ಮೂರನೇದು ಇಟ್ಟೆ. ಅದನ್ನಾದ್ರೂ ನೀ ತಿಂತಿ ಅಂತ."

ಇಷ್ಟು ವರ್ಷ ನಾನು ಅತ್ತೆಗೆ ಮೋಸ ಮಾಡಿದ್ದೆ ಎಂದುಕೊಂಡು ಬದುಕಿದ್ದೆ. ಆ ಮೂರನೆಯ ರೊಟ್ಟಿಯನ್ನು ಎಷ್ಟು ಶಪಿಸಿದ್ದೆ. ನಾನೊಂದು ರೊಟ್ಟಿ ತಿನ್ನಲಿ ಎಂದು ಅವಳು ದಿನಾ ಬೆಳಿಗ್ಗೆ ಎದ್ದು ಹಸುವಿಗೆ ಎರಡು ಬಡಿದಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಅವಳ ಮೇಲೆ ತಡೆಯಲಾಗದಷ್ಟು ಪ್ರೀತಿ ಬಂತು. ಕೆಳಗಿದ್ದ ಖಾಲಿ ಡಬ್ಬಿಯನ್ನು ಎತ್ತಿ ಮುಚ್ಚಳ ಹಾಕಿದೆ.

ಅತ್ತೆ ಎದ್ದು ಹೋಗಿ, ಹಾಳಾದ ಚಾಕೊಲೇಟಿನ ಉಂಡೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟಳು. "ತಿನ್ನು. ಇಲ್ಲೇ ಕುಂತು ನೋಡ್ತೀನಿ" ಎಂದಳು. ತಿಂದೆ. ಶೇಂಗಾ ಹದವಾಗಿ ಹುರಿದಿತ್ತು, ಚಾಕೊಲೇಟು ಹಲ್ಲಿಗೆ ಮರಳಾಗಿ ಸಿಕ್ಕಿತು. ಅದರ ಜೊತೆ ಕಣ್ಣೀರೂ ಬಾಯಿಗೆ ಬಂದು ಉಪ್ಪುಪ್ಪಾಯಿತು. ಅತ್ತೆ ಹತ್ತಿರ ಬಂದು ನನ್ನ ಕೆನ್ನೆ ಒರೆಸಿದಳು. ಆ ಕೈಯಿಂದ ಒರೆಸಿದರೆ ಏನಾಗುತ್ತದೆ? ಮುಖ ಮೊದಲಿಗಿಂತ ಹೆಚ್ಚು ಒದ್ದೆಯಾಯಿತು.

ಅಷ್ಟರಲ್ಲಿ ಮಗಳು ವಾಪಸು ಬಂದು ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಆಯೀ, ಅಮ್ಮ ಅಳ್ತಿದಾಳಾ?"

"ಇಲ್ಲವ್ವಾ" ಎಂದಳು ಅತ್ತೆ. "ನನ್ನ ಕೈಯಾಗಿನ ನೀರು ಅದು."